ಸ್ಟ್ಯಾಕರ್ ಕ್ರೇನಿಗೆ ಕ್ಯಾಮೆರಾ ಕಟ್ಟಿ ರ‍್ಯಾಕ್ ನೋಡುವುದು: ಯಾರಾದರೂ ಮಾಡಿದ್ದೀರಾ?

ಚಾಕಣದ_ಪಾನಾ:

ನಮಸ್ಕಾರ. ಗೋದಾಮಿನ ಕೆಲಸ ಮಾಡುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕೆಲಸದ ಜಾಗದಲ್ಲಿ ದಿನವೆಲ್ಲ ಮರಾಠಿ, ಹಿಂದಿ. ತಲೆ ಕೆಟ್ಟಾಗ ಮಾತ್ರ ನನಗೆ ಕನ್ನಡವೇ ಬರುವುದು.

ನಾನು ಅಥಣಿ ಕಡೆಯವನು. ಪುಣೆಗೆ ಬಂದು 14 ವರ್ಷ. ಮನೆ ನಿಗಡಿಯಲ್ಲಿ, ಕೆಲಸ ಚಾಕಣದ ಒಂದು ಬಿಡಿಭಾಗದ ಗೋದಾಮಿನಲ್ಲಿ, ಮೇಂಟೆನೆನ್ಸ್. 4 ಐಲ್ ಇವೆ, ಅಂದರೆ ಸಾಮಾನಿಡುವ ಎತ್ತರದ ರ‍್ಯಾಕುಗಳ ನಡುವಿನ ಓಣಿ, ಐಲಿಗೊಂದು ಸ್ಟ್ಯಾಕರ್ ಕ್ರೇನ್. ಒಂದು ಬದಿಗೆ 60 ಕಾಲಂ, 11 ಲೆವೆಲ್. ಎರಡೂ ಬದಿ, ನಾಲ್ಕೂ ಐಲ್ ಸೇರಿಸಿದರೆ 5280 ಜಾಗ. ಎತ್ತರ 18 ಮೀಟರ್, ಐಲಿನ ಅಗಲ ಒಂದೂವರೆ ಮೀಟರ್.

ಈ ಕ್ರೇನ್ ನೋಡಿರದವರಿಗೆ ಎರಡು ಮಾತು. ನೆಲದಲ್ಲಿ ಒಂದೇ ಹಳಿ, ಮೇಲೆ ಹಿಡಿದುಕೊಳ್ಳಲು ಒಂದು ಗೈಡ್ ರೈಲು, ನಡುವೆ ಎತ್ತರದ ಕಂಬ. ಅದಕ್ಕೆ ಮಾಸ್ಟ್ ಅಂತಾರೆ. ಮಾಸ್ಟಿನ ಮೇಲೆ ಕ್ಯಾರೇಜ್ ಹತ್ತಿ ಇಳಿಯುತ್ತದೆ, ಅದರಿಂದ ಫೋರ್ಕ್ ಎಡಕ್ಕೂ ಬಲಕ್ಕೂ ಚಾಚಿ ಪ್ಯಾಲೆಟ್, ಅಂದರೆ ಸಾಮಾನು ಹೇರಿದ ಹಲಗೆಯ ಮಣೆ, ಎತ್ತುತ್ತದೆ. ಮನುಷ್ಯರು ಒಳಗೆ ಹೋಗುವುದಿಲ್ಲ. ಹಾಗಾಗಿ ಐಲಿನಲ್ಲಿ ಲೈಟೂ ಇಲ್ಲ. ಕತ್ತಲಲ್ಲೇ ಕೆಲಸ ನಡೆಯುತ್ತದೆ.

ಎರಡು ತಿಂಗಳ ಹಿಂದೆ ರಾತ್ರಿ ಎರಡು ಗಂಟೆಗೆ 3ನೇ ಐಲ್ ನಿಂತಿತು. ಫೋರ್ಕಿನ ಮೇಲೆ ಪ್ಯಾಲೆಟ್ ಇರಲಿಲ್ಲ, ಆದರೂ ಸ್ಕ್ರೀನಿನಲ್ಲಿ 'ಲೋಡ್ ಹೊರಬಂದಿದೆ' ಅಂತ ಅಲಾರಂ. ರೀಸೆಟ್ ಮಾಡಿದೆ, ಮತ್ತೆ ಬಂತು. ಮೂರನೇ ಸಲವೂ ಬಂದಾಗ ಗೊತ್ತಾಯಿತು, ಹತ್ತದೆ ಬೇರೆ ದಾರಿ ಇಲ್ಲ. ಕೀಲಿ ತೆಗೆದು, ಬೀಗ ಹಾಕಿ, ನನ್ನ ಹೆಸರಿನ ಟ್ಯಾಗ್ ನೇತುಹಾಕಿ, ಹಾರ್ನೆಸ್ ಕಟ್ಟಿಕೊಂಡು ಮಾಸ್ಟಿನ ಏಣಿ ಹತ್ತಿದೆ. 9ನೇ ಲೆವೆಲ್ ಅಂದರೆ ಹೆಚ್ಚು ಕಡಿಮೆ 13 ಮೀಟರ್. ಬಾಯಲ್ಲಿ ಟಾರ್ಚ್. ಕೆಳಗೆ ನಮ್ಮ ಶಿಫ್ಟಿನ ಹುಡುಗ 'ಕಾಯ್ ಆಹೆ ಭಾವೂ?' (ಏನಿದೆ ಅಣ್ಣಾ?) ಅಂತ ಕೂಗುತ್ತಿದ್ದಾನೆ.

ಏನಿತ್ತು ಗೊತ್ತಾ? ಪಕ್ಕದ ಪ್ಯಾಲೆಟ್ಟಿನ ಸಾಮಾನಿಗೆ ಸುತ್ತಿದ ತೆಳು ಪ್ಲಾಸ್ಟಿಕ್ಕಿನ, ಅಂದರೆ ಸ್ಟ್ರೆಚ್ ಫಿಲ್ಮಿನ ಒಂದು ತುದಿ. ಗೇಣುದ್ದ. ಜೇಡರ ಬಲೆಯ ಹಾಗೆ ತೆಳ್ಳಗೆ, ಗಾಳಿಗೆ ಅಲ್ಲಾಡಿಕೊಂಡು ಸೆನ್ಸರಿನ ಮುಂದೆ ಬಂದು ಹೋಗುತ್ತಿತ್ತು. ಅದು ಬಂದಾಗೆಲ್ಲ ಸೆನ್ಸರಿನ ಕಿತ್ತಳೆ ದೀಪ ಮಿಣುಕು. ಕೈಯಿಂದ ಹರಿದು ಜೇಬಿಗೆ ಹಾಕಿಕೊಂಡೆ. ಸಿಟ್ಟೂ ಬಂತು, ನಗುವೂ ಬಂತು.

ನಗು ಅರ್ಧ ನಿಮಿಷ ಮಾತ್ರ. ಇಳಿಯುವಾಗ ಒಂದು ಲೆವೆಲ್ ಕೆಳಗೆ ಎದುರು ಬದಿಗೆ ಟಾರ್ಚ್ ತಿರುಗಿತು. ಅಲ್ಲೊಂದು ಪ್ಯಾಲೆಟ್ಟಿನ ತಳದ ಹಲಗೆ ಮುರಿದು, ಬೀಮಿನಿಂದ (ಪ್ಯಾಲೆಟ್ ಹೊರುವ ರ‍್ಯಾಕಿನ ಅಡ್ಡ ತೊಲೆ) ಈಚೆಗೆ ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು. ಎಷ್ಟು ದಿನದಿಂದ ಹಾಗಿತ್ತೋ ಯಾರಿಗೆ ಗೊತ್ತು. ಫೋರ್ಕ್ ಅದರ ಕೆಳಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಆವತ್ತು ಬೆಳಗಿನವರೆಗೆ ಯೋಚನೆ ಮಾಡಿದೆ.

ವರದಿ ಬರೆದೆ. ಮೇಲಿನವರು ಕ್ಯಾಮೆರಾ ಹಾಕೋಣ ಅಂದರು. ಒಬ್ಬ ವೆಂಡರ್ ಬಂದು ಲ್ಯಾಪ್‌ಟಾಪಿನಲ್ಲಿ ಚೆಂದದ ವಿಡಿಯೋ ತೋರಿಸಿದ. ಕ್ರೇನ್ ಪೂರ್ತಿ ವೇಗದಲ್ಲಿ ಓಡುತ್ತಿರುತ್ತದೆ, ಎಲ್ಲಿ ತಪ್ಪಿದೆಯೋ ಅಲ್ಲಿ ಎಐ ಕೆಂಪು ಚೌಕ ಹಾಕುತ್ತದೆ, ರ‍್ಯಾಕಿನ ಕಂಬ 3 ಮಿಮೀ ಬಾಗಿದರೂ ಹಿಡಿಯುತ್ತದೆ ಅಂತೆ. ನಮ್ಮ ಕ್ರೇನಿನ ವೇಗ ನಿಮಿಷಕ್ಕೆ 160 ಮೀಟರ್. ನನಗೆ ಕ್ಯಾಮೆರಾ ಬಗ್ಗೆ ಗೊತ್ತಿರುವುದು ಮಗಳ ಹುಟ್ಟುಹಬ್ಬದ ಫೋಟೋ ತೆಗೆಯುವಷ್ಟೇ. ಇದು ಆಗುವ ಮಾತಾ? ವೆಂಡರ್‌ಗೆ ಏನು ಕೇಳಬೇಕು? ಸುಮ್ನೆ ಹೂಂ ಅಂದುಬಿಟ್ಟರೆ ನಾಳೆ ಆ 5280 ಫೋಟೋ ನೋಡುತ್ತ ಕೂರುವವನು ನಾನೇ.

ಬಾಣೇರ್_ಲೆನ್ಸ್:

ನಾನು ಮಷೀನ್ ವಿಷನ್ ಕೆಲಸದವನು, ಊರು ಧಾರವಾಡ. ಮೊದಲು ಒಂದು ಲೆಕ್ಕ ಮಾಡೋಣ, ವೆಂಡರ್ ಮಾತು ಆಮೇಲೆ.

ನಿಮಿಷಕ್ಕೆ 160 ಮೀಟರ್ ಅಂದರೆ ಸೆಕೆಂಡಿಗೆ ಸುಮಾರು 2.67 ಮೀಟರ್. ಕ್ಯಾಮೆರಾದ ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಮಾತ್ರ ತೆರೆದಿದ್ದರೂ ಅಷ್ಟರಲ್ಲಿ ಕ್ರೇನ್ 2.7 ಮಿಮೀ ಮುಂದೆ ಹೋಗಿರುತ್ತದೆ. ಚಿತ್ರ ಅಷ್ಟು ಎಳೆದುಕೊಳ್ಳುತ್ತದೆ. ಹೀಗಿರುವಾಗ 3 ಮಿಮೀ ಬಾಗಿದ್ದು ಎಲ್ಲಿಂದ ಕಾಣಬೇಕು? ಎಳೆತ ಅರ್ಧ ಮಿಮೀಗೆ ಇಳಿಯಬೇಕಾದರೆ ಶಟರ್ 5000ದಲ್ಲಿ ಒಂದು ಭಾಗವಾಗಬೇಕು. ಆಗ ಒಳಗೆ ಬೀಳುವ ಬೆಳಕು ಐದನೇ ಒಂದು. ನಿಮ್ಮ ಐಲಿನಲ್ಲಿ ಬೆಳಕೇ ಇಲ್ಲ. ಶಟರಿನ ಜೊತೆಗೇ ಮಿಂಚುವ ಎಲ್‌ಇಡಿ ಸ್ಟ್ರೋಬ್ ಬೇಕು, ಒಳ್ಳೆಯದೇ ಬೇಕು.

ಇನ್ನೊಂದು ಸಂಗತಿ ವೆಂಡರುಗಳು ಹೇಳುವುದೇ ಇಲ್ಲ. ಫೋನಿನ ಕ್ಯಾಮೆರಾ, ಆಕ್ಷನ್ ಕ್ಯಾಮೆರಾ ಇವೆಲ್ಲ ಸಾಮಾನ್ಯವಾಗಿ ರೋಲಿಂಗ್ ಶಟರ್. ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದಿಕೊಂಡು ಬರುತ್ತವೆ. ಅದಕ್ಕೆ 20 ಮಿಲಿಸೆಕೆಂಡ್ ಹಿಡಿದರೆ, ನಿಮ್ಮ ವೇಗದಲ್ಲಿ ಮೇಲಿನ ಸಾಲಿಗೂ ಕೊನೆಯ ಸಾಲಿಗೂ 53 ಮಿಮೀ ವ್ಯತ್ಯಾಸ. ನೆಟ್ಟಗಿರುವ ಕಂಬ ಫೋಟೋದಲ್ಲಿ ಕುಡುಕನ ಹಾಗೆ ವಾಲಿರುತ್ತದೆ. ಕಂಬ ವಾಲಿದೆಯೋ ಇಲ್ಲವೋ ನೋಡಲು ಕಂಬವನ್ನೇ ವಾಲಿಸುವ ಕ್ಯಾಮೆರಾ ತಂದ ಹಾಗಾಯಿತು! ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾನಾ ಅಂತ ಕೇಳಿ. ಉತ್ತರ ಹೇಳಲು ತಡವರಿಸಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಆಮೇಲೆ ಜಾಗ. ಐಲ್ ಒಂದೂವರೆ ಮೀಟರ್, ಕ್ಯಾಮೆರಾ ನಡುವೆ ಕೂತರೆ ರ‍್ಯಾಕಿಗೆ 70 ಸೆಂಟಿಮೀಟರ್ ಅಂತರ. ಅಷ್ಟು ಹತ್ತಿರದಿಂದ ಒಂದು ಲೆವೆಲ್, ಅಂದರೆ 1.6 ಮೀಟರ್ ಎತ್ತರ ಪೂರ್ತಿ ಕಾಣಬೇಕಾದರೆ ಸುಮಾರು 98 ಡಿಗ್ರಿ ನೋಟದ ಲೆನ್ಸ್ ಬೇಕು. ಅಂಥ ಲೆನ್ಸಿನಲ್ಲಿ ಅಂಚುಗಳು ಬಾಗುತ್ತವೆ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಬಹುದು, ಆದರೆ ಅಂಚಿನಲ್ಲಿ ಅಳತೆ ನಂಬಬೇಡಿ. 5 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ನಿಲುವಿನ ಬದಿಗೆ 2048 ಪಿಕ್ಸೆಲ್, 1.6 ಮೀಟರನ್ನು ಅದಕ್ಕೆ ಹಂಚಿದರೆ ಒಂದು ಪಿಕ್ಸೆಲ್ಲಿಗೆ 0.78 ಮಿಮೀ. 3 ಮಿಮೀ ಅಂದರೆ ನಾಲ್ಕೇ ಪಿಕ್ಸೆಲ್. ಫಿಲ್ಮಿನ ತುದಿ, ಮುರಿದ ಹಲಗೆ ಇವಕ್ಕೆ ಧಾರಾಳ ಸಾಕು. ಕಂಬ ಅಳೆಯಲು ಸಾಲದು.

ನನ್ನ ಸಲಹೆ ಕೇಳಿದರೆ, ಓಡುವಾಗ ಫೋಟೋ ತೆಗೆಯುವ ಹಟವೇ ಬಿಡಿ. ಮೇಂಟೆನೆನ್ಸ್ ಮೋಡಿನಲ್ಲಿ ನಿಮಿಷಕ್ಕೆ 20 ಮೀಟರ್ ಓಡಿಸಿ. ನಿಮ್ಮ ಐಲ್ ಉದ್ದ ಎಷ್ಟು?

ಚಾಕಣದ_ಪಾನಾ:

69 ಮೀಟರ್. ಕುಡುಕನ ಹೋಲಿಕೆ ನಮ್ಮ ಆಫೀಸಿನಲ್ಲಿ ಹೇಳಿದೆ, ಮ್ಯಾನೇಜರಿಗೆ ತಕ್ಷಣ ಅರ್ಥವಾಯಿತು.

ಬಾಣೇರ್_ಲೆನ್ಸ್:

ಹಾಗಾದರೆ ಒಂದು ಲೆವೆಲ್ಲಿಗೆ ಮೂರೂವರೆ ನಿಮಿಷ, 11 ಲೆವೆಲ್ಲಿಗೆ 38 ನಿಮಿಷ. ಮೇಲೆ ಕೆಳಗೆ ಹೋಗುವುದೆಲ್ಲ ಸೇರಿ ಮುಕ್ಕಾಲು ಗಂಟೆ ಅಂತಿಟ್ಟುಕೊಳ್ಳಿ. ಎಡಕ್ಕೊಂದು ಬಲಕ್ಕೊಂದು ಕ್ಯಾಮೆರಾ ಇದ್ದರೆ ಒಂದೇ ಸುತ್ತಿಗೆ ಎರಡೂ ಬದಿ ಮುಗಿಯುತ್ತದೆ. ಆ ವೇಗದಲ್ಲಿ ಸಾವಿರದಲ್ಲಿ ಒಂದರ ಶಟರಿಗೂ ಎಳೆತ 0.33 ಮಿಮೀ ಮಾತ್ರ. ವಾರಕ್ಕೆ ಮುಕ್ಕಾಲು ಗಂಟೆ ಸಿಗುತ್ತದಲ್ವಾ?

ಸಿಗುವುದಾದರೆ ಪ್ರತಿ ಫೋಟೋಗೂ ಒಂದು ವಿಳಾಸ ಕೊಡಿ. ನಿಮ್ಮ ಕ್ರೇನಿಗೆ ತಾನೆಲ್ಲಿದ್ದೇನೆ ಅಂತ ಮೊದಲೇ ಗೊತ್ತಿರುತ್ತದೆ, ಲೇಸರ್ ಅಳತೆಯಿಂದಲೋ ಬಾರ್‌ಕೋಡ್ ಪಟ್ಟಿಯಿಂದಲೋ. ಆ ನಂಬರನ್ನು ಪಿಎಲ್‌ಸಿಯಿಂದ (ಕ್ರೇನ್ ನಡೆಸುವ ಕಂಪ್ಯೂಟರ್) ಬರೀ ಓದಿಕೊಳ್ಳಿ, ಪ್ರೋಗ್ರಾಂ ಮುಟ್ಟಬೇಡಿ, ಮುಟ್ಟಿದರೆ ಕ್ರೇನಿನವರು ವಾರಂಟಿ ಮಾತು ತೆಗೆಯುತ್ತಾರೆ. '3ನೇ ಐಲ್, ಎಡ, ಕಾಲಂ 41, ಲೆವೆಲ್ 8' ಅಂತ ಫೈಲಿನ ಹೆಸರಿನಲ್ಲೇ ಇರಲಿ. ವಿಳಾಸ ಇಲ್ಲದ ಫೋಟೋ ಐದು ಸಾವಿರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಲ್ಲ ರ‍್ಯಾಕೂ ಒಂದೇ ಥರ ಕಾಣುತ್ತದಲ್ಲ.

ರ‍್ಯಾಕ್‌ಮಾಮ:

ನಾನು ರಿಟೈರ್ ಆಗಿದ್ದೇನೆ. ಹುಟ್ಟೂರು ಕುಂದಾಪುರ, ಬದುಕೆಲ್ಲ ಠಾಣೆ ಕಡೆ. ರ‍್ಯಾಕ್ ನಿಲ್ಲಿಸಿದ್ದೂ ಉಂಟು, ಆಮೇಲೆ ತಪಾಸಣೆ ಮಾಡಿದ್ದೂ ಉಂಟು.

ಆ 3 ಮಿಮೀ ಎಲ್ಲಿಂದ ಬಂತು ಅಂತ ನಿಮ್ಮ ವೆಂಡರಿಗೆ ಗೊತ್ತುಂಟೋ ಇಲ್ಲವೋ. ಅದು ಯುರೋಪಿನ ಇಎನ್ 15635 ಸ್ಟ್ಯಾಂಡರ್ಡಿನದು. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ಕಂಬಕ್ಕೆ ಆನಿಸಿ ಹಿಡಿಯುವುದು, ನಡುವೆ ಎಷ್ಟು ಸಂದು ಬಂತು ಅಂತ ನೋಡುವುದು. ಬೀಮಿನ ದಿಕ್ಕಿನಲ್ಲಿ, ಅಂದರೆ ಐಲಿನ ಉದ್ದಕ್ಕೆ ಬಾಗಿದ್ದರೆ 5 ಮಿಮೀ ತನಕ ಸರಿ. ರ‍್ಯಾಕಿನ ಆಳದ ದಿಕ್ಕಿನಲ್ಲಿ ಬಾಗಿದ್ದರೆ 3 ಮಿಮೀ ಮಾತ್ರ. ಅಡ್ಡ ಓರೆ ಪಟ್ಟಿಗಳಿಗೆ 10. ಮಿತಿ ದಾಟಿದರೆ ಹಳದಿ, ಮಿತಿಯ ಎರಡು ಪಟ್ಟು ದಾಟಿದರೆ ಕೆಂಪು. ಕೆಂಪಾದರೆ ಆ ಜಾಗ ತಕ್ಷಣ ಖಾಲಿ ಮಾಡಬೇಕು.

ಈಗ ಯೋಚನೆ ಮಾಡಿ. ಕ್ಯಾಮೆರಾ ಐಲಿನಲ್ಲಿ ನಿಂತು ರ‍್ಯಾಕನ್ನು ಎದುರಿನಿಂದ ನೋಡುತ್ತದೆ. ಎಡಕ್ಕೆ ಬಲಕ್ಕೆ ಬಾಗಿದ್ದು ಅದಕ್ಕೆ ಕಂಡೀತು. ಕ್ಯಾಮೆರಾದ ಕಡೆಗೋ ಅದರಿಂದ ಆಚೆಗೋ ಬಾಗಿದ್ದು ಎದುರಿನಿಂದ ಕಾಣುವುದೇ ಇಲ್ಲ. ಬಿಗಿ ಮಿತಿ ಇರುವುದು ಯಾವುದಕ್ಕೆ? ಕಾಣದೇ ಇರುವುದಕ್ಕೇ. ಅದಕ್ಕೆ ಓರೆಯಾಗಿ ಲೇಸರ್ ಗೆರೆ ಬಿಟ್ಟು ಆ ಗೆರೆ ಎಲ್ಲಿ ಸೊಟ್ಟಾಗುತ್ತದೆ ನೋಡುವ ವಿಧಾನ ಉಂಟು. ಬರೀ ಫೋಟೋದಿಂದ ಆಗದು. ವೆಂಡರಿಗೆ ಇದೊಂದೇ ಪ್ರಶ್ನೆ ಕೇಳಿ, ಮುಖ ನೋಡಿ.

ಇನ್ನೊಂದು. ಆ ಮಿತಿಗಳು ಮುಖ್ಯವಾಗಿ ಫೋರ್ಕ್‌ಲಿಫ್ಟ್ ಓಡಾಡುವ ರ‍್ಯಾಕಿಗೆ. ಅಲ್ಲಿ ಡ್ರೈವರ್ ಗುದ್ದುತ್ತಾನೆ, ಕಂಬದ ಬುಡ ನಜ್ಜಾಗುತ್ತದೆ. ನಿಮ್ಮ ಕ್ರೇನ್ ಹಾಗೆ ಗುದ್ದುವುದಿಲ್ಲ. ಅದರ ರೋಗವೇ ಬೇರೆ. ಹಳಿಯ ಕ್ಲಿಪ್ಪು ಸಡಿಲ, ಚಕ್ರ ಸವೆತ, ಫೋರ್ಕ್ ಬೀಮಿಗೆ ಉಜ್ಜುವುದು. ಆದ್ದರಿಂದ ಎಲ್ಲ ಕ್ಯಾಮೆರಾವನ್ನೂ ಮೇಲೆ ನೋಡಲು ಇಡಬೇಡಿ. ಒಂದನ್ನು ಕ್ರೇನಿನ ಬುಡದಲ್ಲಿ ಹಳಿ ನೋಡಲು ಇಡಿ. ಚಕ್ರ ಪಾಲಿಯುರಿಥೇನಿನದಾದರೆ ಹಳಿಯ ಪಕ್ಕದಲ್ಲಿ ಪುಡಿ ಬೀಳುತ್ತದೆ. ಎರಡೂ ಬದಿ ಸ್ವಲ್ಪ ಸ್ವಲ್ಪ ಬಿದ್ದರೆ ಚಿಂತೆ ಇಲ್ಲ. ಒಂದೇ ಬದಿಗೆ ರಾಶಿ ಬಿದ್ದಿದ್ದರೆ ಕ್ರೇನ್ ಓರೆ ಓಡುತ್ತಿದೆ ಅಂತ ಅರ್ಥ.

ಬೋಲ್ಟ್ ಬಿಗಿ ಉಂಟೋ ಇಲ್ಲವೋ ಕ್ಯಾಮೆರಾಕ್ಕೆ ಗೊತ್ತಾಗದು. ಅದಕ್ಕೆ ನಾವು ಮಾಡುತ್ತಿದ್ದ ಉಪಾಯ ಹೇಳುತ್ತೇನೆ. ಟಾರ್ಕ್ ರೆಂಚಿನಿಂದ, ಅಂದರೆ ಎಷ್ಟು ಬಿಗಿ ಅಂತ ಅಳೆಯುವ ಪಾನಾದಿಂದ, ಬಿಗಿ ಮಾಡಿದ ಕೂಡಲೇ ಪೇಂಟ್ ಮಾರ್ಕರಿನಿಂದ ಒಂದು ಹಳದಿ ಗೆರೆ ಎಳೆಯುವುದು. ಬೋಲ್ಟಿನ ತಲೆಯಿಂದ ಶುರುವಾಗಿ ಕೆಳಗಿನ ಕ್ಲಿಪ್ಪಿನ ತನಕ ಒಂದೇ ಗೆರೆ. ಬೋಲ್ಟ್ ತಿರುಗಿದರೆ ಗೆರೆ ಮುರಿಯುತ್ತದೆ. ಮುರಿದ ಗೆರೆ ಯಾವ ಕ್ಯಾಮೆರಾಕ್ಕೂ ಕಾಣುತ್ತದೆ, ಎಐಯೂ ಬೇಡ, ಐಐಟಿಯೂ ಬೇಡ.

ವೆರ್ಣಾ_ಕಾರವಾರ:

ನಮ್ಮದು ಗೋವಾ, ವೆರ್ಣಾದಲ್ಲಿ ಕೋಲ್ಡ್ ಸ್ಟೋರ್. ಮೈನಸ್ 20. ಚಾಕಣದವರಿಗೆ ಇದು ಬೇಡವಾಗಬಹುದು, ಆದರೂ ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಇರಲಿ ಅಂತ ಬರೆಯುತ್ತಿದ್ದೇನೆ.

ನಾವು ಮೊದಲ ದಿನ ಕ್ಯಾಮೆರಾ ಒಳಗೆ ಓಡಿಸಿದೆವು, ಚೆನ್ನಾಗಿ ಬಂತು. ಕಾರ್ಡ್ ತೆಗೆಯೋಣ ಅಂತ ಹೊರಗೆ ತಂದೆವು. ಗೋವಾದ ಜೂನ್ ತಿಂಗಳ ಗಾಳಿ ನಿಮಗೆ ಗೊತ್ತಲ್ಲ. ಎರಡು ನಿಮಿಷದಲ್ಲಿ ಲೆನ್ಸಿನಿಂದ ನೀರು ತೊಟ್ಟಿಕ್ಕಿತು, ಒಳಗಡೆಯ ಗಾಜಿಗೂ ಮಂಜು ಹಿಡಿಯಿತು. ಒರೆಸಿ ಮತ್ತೆ ಒಳಗೆ ಒಯ್ದರೆ ಆ ನೀರೇ ಬರ್ಫವಾಯಿತು. ಈಗ ಕ್ಯಾಮೆರಾ ಒಳಗೇ ಇರುತ್ತದೆ, ಸಣ್ಣ ಹೀಟರ್ ಇರುವ ಡಬ್ಬಿಯಲ್ಲಿ, ಕರೆಂಟ್ ಕ್ರೇನಿನಿಂದಲೇ. ಚಿತ್ರ ಮಾತ್ರ ಹೊರಗೆ ಬರುತ್ತದೆ. ಹೊರಗೆ ತರಲೇಬೇಕಾದರೆ ಒಳಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಬೆಚ್ಚಗಾಗುವ ತನಕ ಬಿಚ್ಚಬೇಡಿ.

ಭಿವಂಡಿ_ಭಟ್ಟ:

ತಡವಾಗಿ ನೋಡಿದೆ. ನಾವು ಭಿವಂಡಿಯಲ್ಲಿ ಹೀಗೇ ಒಂದು ಸಿಸ್ಟಂ ಹಾಕಿಸಿ ಬೆಪ್ಪಾಗಿದ್ದೇವೆ, ಆ ಕತೆ ಕೇಳಿ.

ಎಐಗೆ ಮೊದಲು 'ಸರಿ ಇರುವ' ಫೋಟೋ ಕೊಟ್ಟು ಕಲಿಸಿದರು. ಆಮೇಲೆ ಬೇರೆ ಥರ ಕಂಡಿದ್ದೆಲ್ಲ ತಪ್ಪು ಅಂತ ಅದು ತೋರಿಸಬೇಕು. ಮೊದಲ ದಿನವೇ ನೂರಾರು ಕೆಂಪು ಚೌಕ! ನೋಡಿದರೆ ಒಂದು ಕಡೆ ನೀಲಿ ಪೆಟ್ಟಿಗೆ ಇದ್ದ ಜಾಗದಲ್ಲಿ ಕಂದು ಪೆಟ್ಟಿಗೆ. ಇನ್ನೊಂದು ಕಡೆ ಹೊಸ ಸ್ಟಿಕ್ಕರ್. ಮತ್ತೊಂದು ಕಡೆ ಫಿಲ್ಮಿನ ಮೇಲೆ ಲೈಟು ಹೊಳೆದದ್ದು. ಅಲ್ಲಾ ಸ್ವಾಮಿ, ಗೋದಾಮು ಅಂದಮೇಲೆ ಸಾಮಾನು ಬದಲಾಗುವುದೇ ಅದರ ಕೆಲಸ. ಒಂದು ವಾರ ನೋಡಿದ ಹುಡುಗ ಎರಡನೇ ವಾರ ಎಲ್ಲಕ್ಕೂ ಒಟ್ಟಿಗೆ 'ಓಕೆ' ಒತ್ತಲು ಶುರು ಮಾಡಿದ. ಅವನನ್ನು ಬೈದು ಏನು ಪ್ರಯೋಜನ, ನಾನಾಗಿದ್ದರೆ ಮೂರನೇ ದಿನವೇ ಒತ್ತುತ್ತಿದ್ದೆ.

ಕೊನೆಗೆ ದಾರಿಗೆ ಬಂದದ್ದು ಹೇಗೆ ಅಂದರೆ, ಸಾಮಾನು ಕಾಣುವ ಭಾಗವನ್ನು ಚಿತ್ರದಲ್ಲಿ ಮುಚ್ಚಿಸಿದೆವು. ಕಂಬ, ಬೀಮು, ಬೀಮು ಕಂಬಕ್ಕೆ ಸೇರುವ ಮೂಲೆ, ಇಷ್ಟನ್ನೇ ಹೋಲಿಸು ಅಂದೆವು. ಉಕ್ಕು ಬದಲಾಗುವುದಿಲ್ಲ, ಬದಲಾದರೆ ಅದು ಸುದ್ದಿ. ಜೊತೆಗೆ ಬೀಮಿನ ಮುಂದೆ ಖಾಲಿ ಇರಬೇಕಾದ ಒಂದು ಪಟ್ಟಿ ಇದೆಯಲ್ಲ, ಅಲ್ಲಿ ಏನು ಕಂಡರೂ ಹೇಳು ಅಂದೆವು. ಫಿಲ್ಮು, ಹಲಗೆ ಎಲ್ಲ ಬಂದು ಬೀಳುವುದು ಅಲ್ಲೇ. ಲೈಟನ್ನು ಎದುರಿನಿಂದ ತೆಗೆದು ಓರೆಗೆ ಇಟ್ಟ ಮೇಲೆ ಹೊಳಪಿನ ಕಾಟವೂ ಇಳಿಯಿತು.

ಆದರೆ ನನ್ನ ಅಸಲು ಮಾತು ಬೇರೆ. ಮುರಿದ ಹಲಗೆ, ಜೋತುಬಿದ್ದ ಫಿಲ್ಮು, ಇವು ರ‍್ಯಾಕಿನಲ್ಲಿ ಹುಟ್ಟಿದ್ದಲ್ಲ. ಕೆಳಗಿನಿಂದ ಒಳಗೆ ಬಂದದ್ದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ 13 ಮೀಟರ್ ಮೇಲೆ ಹೋಗಿ ಹುಡುಕುವುದು ಯಾಕೆ? ಪ್ಯಾಲೆಟ್ ಒಳಗೆ ಹೋಗುವ ಕನ್ವೇಯರಿನಲ್ಲೇ ಎರಡು ಕ್ಯಾಮೆರಾ ಇಡಿ, ಒಂದು ತಳದ ಹಲಗೆಗೆ, ಒಂದು ಬದಿಗೆ. ಅಲ್ಲಿ ವೇಗ ಕಡಿಮೆ, ಲೈಟು ನಿಮ್ಮ ಕೈಯಲ್ಲಿದೆ, ಕ್ಯಾಮೆರಾ ಕೆಟ್ಟರೆ ಸ್ಟೂಲ್ ಹಾಕಿಕೊಂಡು ರಿಪೇರಿ ಮಾಡಬಹುದು.

ನನ್ನ ಗೆಳೆಯನ ಕಡೆ ಐಲೇ ಇಲ್ಲದ ಕ್ಯೂಬ್ ಸಿಸ್ಟಂ ಇದೆ. ನಾರ್ವೆಯ ಆಟೋಸ್ಟೋರ್ ಮಾಡುತ್ತದಲ್ಲ, ಆ ಮಾದರಿಯದು. ಡಬ್ಬಿಯ ಮೇಲೆ ಡಬ್ಬಿ ಒಟ್ಟಿರುತ್ತಾರೆ, ಮೇಲ್ಗಡೆ ರೋಬೋಟ್ ಓಡಾಡುತ್ತ ಡಬ್ಬಿಯನ್ನು ಬಾವಿಯಿಂದ ಕೊಡ ಎಳೆದ ಹಾಗೆ ಎಳೆಯುತ್ತದೆ. ಅಲ್ಲಿ ಒಳಗೆ ಹೋಗಿ ನೋಡಲು ಮನುಷ್ಯನಿಗೆ ಜಾಗವೇ ಇಲ್ಲ. ಅವರು ಒಂದು ಖಾಲಿ ಡಬ್ಬಿಯ ನಾಲ್ಕೂ ಬದಿಗೆ ಕಿಟಕಿ ಕೊರೆದು, ಒಳಗೆ ಕ್ಯಾಮೆರಾ, ಎಲ್‌ಇಡಿ, ಬ್ಯಾಟರಿ ಇಟ್ಟು, ರೋಬೋಟಿನ ಕೈಯಲ್ಲೇ ಖಾಲಿ ಸಾಲಿನೊಳಗೆ ಇಳಿಬಿಟ್ಟರು. ಪಕ್ಕದ ಡಬ್ಬಿ ಉಬ್ಬಿದ್ದು, ಅಂಚು ಒಡೆದದ್ದು, ತಳದಲ್ಲಿ ಬಿದ್ದ ಸಾಮಾನು ಎಲ್ಲ ಕಂಡಿತಂತೆ. ಈ ಐಡಿಯಾ ನನಗೆ ಬಹಳ ಹಿಡಿಸಿತು, ಅದಕ್ಕೇ ಬರೆದೆ.

ಚಾಕಣದ_ಪಾನಾ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಸುಮ್ಮನಿದ್ದೆ, ಯಾಕೆ ಅಂತ ಹೇಳುತ್ತೇನೆ.

ವೆಂಡರಿಗೆ ರ‍್ಯಾಕ್‌ಮಾಮ ಅವರ ಪ್ರಶ್ನೆ ಕೇಳಿದೆ. ಆಳದ ದಿಕ್ಕಿಗೆ ಬಾಗಿದ್ದನ್ನು ನಿಮ್ಮ ಕ್ಯಾಮೆರಾ ಹೇಗೆ ನೋಡುತ್ತದೆ ಅಂತ. 'ಸರ್, ಅದು ಮುಂದಿನ ವರ್ಷನ್ನಿನಲ್ಲಿ ಬರುತ್ತೆ' ಅಂದ. ಸರಿ, ಮುಂದಿನ ವರ್ಷನ್ ಬಂದಾಗ ಬಾಪ್ಪಾ ಅಂದೆ.

ನಮಗೆ ವಾರದ ರಜೆ ಗುರುವಾರ. ಒಂದು ಗುರುವಾರ ಮ್ಯಾನೇಜರ್ ಹತ್ತಿರ ನಾಲ್ಕು ಗಂಟೆ ಕೇಳಿಕೊಂಡೆ. ಕಂಪನಿ ದುಡ್ಡು ಮುಟ್ಟುವ ಮೊದಲು ಒಂದು ಟ್ರಯಲ್ ನೋಡೋಣ ಅಂತ ಭಾವನ ಹಳೆಯ ಆಕ್ಷನ್ ಕ್ಯಾಮೆರಾ ಎರಡು ತಂದೆ. ರೋಲಿಂಗ್ ಶಟರ್ ಅಂತ ಗೊತ್ತು, ಲೆನ್ಸ್ ಅವರೇ ಬೈಯಬೇಡಿ, ಅಳತೆಗೆ ಅಲ್ಲ, ಹುಡುಕಲು ಮಾತ್ರ. ಕ್ಯಾರೇಜಿನ ಚೌಕಟ್ಟಿಗೆ ಕ್ಲಾಂಪ್ ಹಾಕಿದೆ. ಕ್ಲಾಂಪ್ ಬಿಟ್ಟರೂ ಬೀಳದ ಹಾಗೆ ಉಕ್ಕಿನ ತಂತಿಯಿಂದ ಬೇರೆ ಕಟ್ಟಿದೆ. ಫೋರ್ಕ್ ಚಾಚಿ ಮಡಚಿ ಎಲ್ಲೂ ತಾಗುವುದಿಲ್ಲ ಅಂತ ಎರಡೂ ಬದಿಗೆ ನೋಡಿಕೊಂಡೆ. ಬೆಳಕಿಗೆ ಸೈಕಲ್ಲಿನ ಎಲ್‌ಇಡಿ ನಾಲ್ಕು, ಓರೆಯಾಗಿ. ನಿಮಿಷಕ್ಕೆ 20 ಮೀಟರ್. 3ನೇ ಐಲ್ ಮುಗಿಯಲು 52 ನಿಮಿಷ ಹಿಡಿಯಿತು, ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ. ನಡುವೆ ಒಂದು ಲೈಟು ಸಡಿಲಾಗಿ ಕಟ್ಟಬೇಕಾಯಿತು.

ವಿಡಿಯೋವನ್ನು ಮನೆಗೆ ಒಯ್ದು ಟಿವಿಯಲ್ಲಿ ಹಾಕಿ ನೋಡಿದೆ. ಹೆಂಡತಿ ಹತ್ತು ನಿಮಿಷ ನೋಡಿ 'ಇದರಲ್ಲಿ ಕತೆ ಯಾವಾಗ ಶುರುವಾಗುತ್ತೆ' ಅಂತ ಕೇಳಿ ಒಳಗೆ ಹೋದಳು.

ಫಿಲ್ಮಿನ ಬಾಲ 11 ಕಡೆ. ತಳದ ಹಲಗೆ ಮುರಿದದ್ದು 2. ಮಜಾ ಏನೆಂದರೆ 11ರಲ್ಲಿ 9 ಪ್ಯಾಲೆಟ್‌ಗಳ ಲೇಬಲ್ ನೋಡಿದರೆ ಎಲ್ಲ ಒಂದೇ ಪ್ಯಾಕಿಂಗ್ ಲೈನಿನಿಂದ ಬಂದವು. ಮಾರನೇ ದಿನ ಹೋಗಿ ಆ ರ‍್ಯಾಪಿಂಗ್ ಮಷೀನ್ ಮುಂದೆ ಅರ್ಧ ಗಂಟೆ ನಿಂತೆ. ಫಿಲ್ಮ್ ಕತ್ತರಿಸಿದ ಮೇಲೆ ಅದರ ತುದಿಯನ್ನು ಪ್ಯಾಲೆಟ್ಟಿಗೆ ಒತ್ತಿ ಅಂಟಿಸಲು ಒಂದು ಬ್ರಶ್ ಇರುತ್ತದೆ. ಅದರ ಕೂದಲು ಸವೆದು ಸವೆದು ನಮ್ಮ ಅಜ್ಜನ ಹಲ್ಲುಜ್ಜುವ ಬ್ರಶ್ಶಿನ ಹಾಗೆ ಆಗಿತ್ತು. ಒತ್ತುವುದು ಹೋಗಲಿ, ತುದಿಗೆ ತಾಗುತ್ತಲೂ ಇರಲಿಲ್ಲ. ಬದಲಿಸಿದೆವು. ರಾತ್ರಿ ಎರಡು ಗಂಟೆಗೆ ನನ್ನನ್ನು 13 ಮೀಟರ್ ಹತ್ತಿಸಿದ್ದು ಆ ಬ್ರಶ್. ಭಟ್ಟರ ಮಾತು ನಿಜ, ಕನ್ವೇಯರಿಗೆ ಎರಡು ಕ್ಯಾಮೆರಾ ಈಗ ಮಂಜೂರಾಗಿದೆ.

ಹಳಿಗೆ ಹಳದಿ ಗೆರೆ ಎಳೆಯಲು ಮಾತ್ರ ಎರಡು ಗುರುವಾರ ಹೋಯಿತು. ಮಂಡಿಯೂರಿ ಕೂತು ಪ್ರತಿ ಬೋಲ್ಟಿಗೂ ಟಾರ್ಕ್ ಕೊಟ್ಟು ಗೆರೆ ಎಳೆಯುವುದು. ನನ್ನ ಹುಡುಗರು 'ರಂಗೋಲಿ ಶಿಫ್ಟ್' ಅಂತ ಹೆಸರಿಟ್ಟರು. ಈ ವಾರ ಬುಡದ ಕ್ಯಾಮೆರಾ ಓಡಿಸಿದರೆ ಕಾಲಂ 22ರ ಹತ್ತಿರ, ಹಳಿಯ ಜೋಡಣೆಯ ಪಕ್ಕದ ಕ್ಲಿಪ್ಪಿನಲ್ಲಿ ಗೆರೆ ಮುರಿದಿದೆ. ಒಂದೇ ವಾರದಲ್ಲಿ! ಬೋಲ್ಟ್ ತೆಗೆದು ನೋಡಿದೆವು, ಎಳೆ ಹೋಗಿತ್ತು, ಎಷ್ಟು ಬಿಗಿ ಮಾಡಿದರೂ ನಿಲ್ಲುವಂಥದ್ದಲ್ಲ. ಹೊಸದು ಹಾಕಿ ಹೊಸ ಗೆರೆ ಎಳೆದಿದ್ದೇವೆ. ಪುಡಿ ಎರಡೂ ಬದಿ ಸಮ ಇದೆ, ಮಾಮ.

ಇನ್ನೊಂದು ಸಿಕ್ಕಿತು, ಅದನ್ನು ಹೇಳದಿದ್ದರೆ ಸಮಾಧಾನ ಇಲ್ಲ. ವಿಡಿಯೋದ 47ನೇ ನಿಮಿಷ, ಎಡಬದಿ, ಕಾಲಂ 58, ಲೆವೆಲ್ 10. ಬೀಮಿನ ಮೇಲೆ ಏನೋ ಹೊಳೆಯಿತು. ಹಿಂದೆ ಮುಂದೆ ಮಾಡಿ ನಿಲ್ಲಿಸಿ ನೋಡಿದರೆ ಕಟಿಂಗ್ ಚಹಾದ ಗಾಜಿನ ಗ್ಲಾಸು! ರ‍್ಯಾಕ್ ಕಟ್ಟುವಾಗ ಯಾರೋ ಪುಣ್ಯಾತ್ಮ ಅಷ್ಟು ಮೇಲೆ ಕೂತು ಚಹಾ ಕುಡಿದು ಅಲ್ಲೇ ಇಟ್ಟು ಇಳಿದಿದ್ದಾನೆ. ಈ ಗೋದಾಮು ಶುರುವಾಗಿ ಆರು ವರ್ಷ. ಆರು ವರ್ಷದಿಂದ ಕ್ರೇನ್ ಅದರ ಪಕ್ಕದಲ್ಲೇ ಓಡಾಡಿದೆ. ಮುಂದಿನ ಗುರುವಾರ ಇಳಿಸಬೇಕು.

ರ‍್ಯಾಕ್‌ಮಾಮ:

ಮುಂದಿನ ಗುರುವಾರವಾ? ತಲೆ ಸರಿ ಉಂಟಾ ಮಾರಾಯ್ರೇ. ಆರು ವರ್ಷ ಬೀಳಲಿಲ್ಲ ಅಂತ ಆರು ದಿನ ಬೀಳುವುದಿಲ್ಲ ಅಂತ ಬರೆದುಕೊಟ್ಟವರು ಯಾರು? ನಿಮ್ಮ ಹುಡುಗರು ಕೆಳಗೆ ಮಂಡಿಯೂರಿ ಬೋಲ್ಟ್ ನೋಡುವುದು ಅಂತ ನೀವೇ ಬರೆದಿದ್ದೀರಿ. ಐಲ್ ನಿಲ್ಲಿಸಿ, ಇವತ್ತೇ ಇಳಿಸಿ.

ಬಾಣೇರ್_ಲೆನ್ಸ್:

ಮಾಮ ಹೇಳಿದ್ದೇ ಸರಿ. ಇಳಿಸುವ ಮೊದಲು ಒಂದು ಫೋಟೋ ತೆಗೆದಿಡಿ. ಮುಂದಿನ ವೆಂಡರ್ ಬಂದಾಗ ನಿಮ್ಮ ಎಐ ಇದನ್ನು ಹಿಡಿಯುತ್ತಾ ಅಂತ ಅದನ್ನೇ ಕೊಟ್ಟು ಪರೀಕ್ಷೆ ಮಾಡಬಹುದು.

ಚಾಕಣದ_ಪಾನಾ:

ಬೈದದ್ದು ಸರಿಯಾಗಿಯೇ ಇದೆ ಮಾಮ. ಸಂಜೆ ಶಿಫ್ಟ್ ಬದಲಾಗುವಾಗ ಐಲ್ ನಿಲ್ಲಿಸಿ ಇಳಿಸಿದೆ. ಮೇಲೆ ಧೂಳು ದಪ್ಪಗೆ ಕೂತಿತ್ತು, ತಳದಲ್ಲಿ ಸಕ್ಕರೆ ಇನ್ನೂ ಅಂಟಿಕೊಂಡಿತ್ತು.